ತುಟಿಯ ಮೇಲಿನ ಬೆರಳು

ಮಕ್ಕಳ ಶಾಲೆಗೆ ರಜೆ ಬೀಳುವ ವಾರದಲ್ಲೇ ಬೇಕರಿಯ ದೊಡ್ಡ ಒಲೆಯ ಒಳಗೋಡೆ ಕುಸಿದು ಬಿತ್ತು. ಹಳೆಯ ಇಟ್ಟಿಗೆ ತೆಗೆದು, ಹೊಸದು ಕಟ್ಟಿ, ಅದು ಒಣಗಿ, ದಿನಕ್ಕಿಷ್ಟಿಷ್ಟೇ ಕಾವು ಏರಿಸಿ ಹದಕ್ಕೆ ತರುವವರೆಗೆ ಯಾರೂ ಬರುವುದು ಬೇಡ ಎಂದು ಮಾಲೀಕ ಕೆಲಸದವರನ್ನೆಲ್ಲ ಅರ್ಧ ಸಂಬಳದ ಮೇಲೆ ಮನೆಗೆ ಕಳಿಸಿದ. ಉಳಿದವರು ಮುಖ ಸಪ್ಪೆ ಮಾಡಿಕೊಂಡು ಹೋದರು. ಹಿಟ್ಟು ನಾದುವವನು ಮಾತ್ರ ಶಿಳ್ಳೆ ಹಾಕುತ್ತ ಮೆಟ್ಟಿಲಿಳಿದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ದೊಡ್ಡ ಮಗಳು ಹುಟ್ಟುವ ಮೊದಲಿನಿಂದಲೂ ಅವನದು ರಾತ್ರಿ ಪಾಳಿ. ದೀಪ ಹಚ್ಚುವ ಹೊತ್ತಿಗೆ ಹೋದರೆ ಹಾಲಿನವನು ಬರುವ ಹೊತ್ತಿಗೆ ಬರುವುದು. ಮಕ್ಕಳ ಜೊತೆ ಇಡೀ ರಜೆ ಕಳೆಯುವುದೆಂದರೆ ಹೇಗಿರುತ್ತದೆಂದು ಅವನು ಬೇರೆ ಅಪ್ಪಂದಿರ ಬಾಯಲ್ಲಿ ಕೇಳಿ ಮಾತ್ರ ಬಲ್ಲ.

ಮನೆಯೆಂದರೆ ಒಬ್ಬ ಬಡಗಿಯ ಅಂಗಡಿಯ ಮೇಲಿನ ಎರಡು ಕೋಣೆ, ಒಂದು ಅಡುಗೆಮನೆ. ಅಪ್ಪ ಹಗಲು ಮಲಗುವ ಮನೆಯಾದ್ದರಿಂದ ಅಲ್ಲಿ ಸದ್ದಿಗೆ ಪ್ರವೇಶವಿರಲಿಲ್ಲ. ಕುರ್ಚಿಯ ಕಾಲುಗಳಿಗೆ ಹಳೆಯ ಕಾಲುಚೀಲ ತೊಡಿಸಿತ್ತು. ನಲ್ಲಿಯ ಬಾಯಿಗೆ ಬಟ್ಟೆಯ ಪಟ್ಟಿ ಕಟ್ಟಿ, ನೀರು ಅದರ ಮೇಲೆ ಜಾರಿಕೊಂಡು ಸದ್ದಿಲ್ಲದೆ ಬಕೆಟ್ಟಿಗೆ ಇಳಿಯುವ ಹಾಗೆ ಮಾಡಿತ್ತು. ಸ್ಟೀಲ್ ತಟ್ಟೆಗಳು ಅಟ್ಟ ಸೇರಿ ಪ್ಲಾಸ್ಟಿಕ್ ತಟ್ಟೆಗಳು ಬಂದಿದ್ದವು. ಇದೆಲ್ಲ ಅಜ್ಜಿಯ, ಅಂದರೆ ಅಪ್ಪನ ತಾಯಿಯ ಏರ್ಪಾಡು. ಸೊಸೆ ಹಗಲೆಲ್ಲ ಇಸ್ತ್ರಿ ಅಂಗಡಿಯಲ್ಲಿ ನಿಂತು ದುಡಿಯುತ್ತಿದ್ದುದರಿಂದ ಮನೆಯ ಆಡಳಿತ ಅಜ್ಜಿಯದೇ. ಬೆಕ್ಕಿನಿಂದ ಹಾಲು ಕಾಯುವವರೂ ಅವಳು ಮಗನ ನಿದ್ದೆ ಕಾಯುತ್ತಿದ್ದಷ್ಟು ಎಚ್ಚರದಿಂದ ಕಾಯಲಾರರು.

ಮಕ್ಕಳು ಇಬ್ಬರು. ದೊಡ್ಡವಳಿಗೆ ಒಂಬತ್ತು. ತಮ್ಮನ ಮೇಲೆ, ಅಮ್ಮನ ಮೇಲೆ, ಒಮ್ಮೊಮ್ಮೆ ಅಜ್ಜಿಯ ಮೇಲೂ ಅಧಿಕಾರ ಚಲಾಯಿಸುತ್ತಿದ್ದ ಅವಳಿಗೆ ಮನೆಯವರು ಇಟ್ಟ ಹೆಸರು ಹೆಡ್ಮಿಸ್ಸು. ಚಿಕ್ಕವನಿಗೆ ಐದು. ಹುಟ್ಟಿದಾಗ ಗುಂಡಗೆ ಉಬ್ಬಿಕೊಂಡಿದ್ದ ಅವನು ಬನ್ನು. ಮಾತಿಗೆ ಬರವಿದ್ದ ಆ ಮನೆಯಲ್ಲಿ ಇಬ್ಬರೂ ಸೇರಿ ತಮ್ಮದೇ ಒಂದು ಕೈಸನ್ನೆಯ ಭಾಷೆ ಕಟ್ಟಿಕೊಂಡಿದ್ದರು. ಕಣ್ಣಿಗೆ ಬೆರಳಿನ ಉಂಗುರ ಹಿಡಿದರೆ ಕನ್ನಡಕದ ಅಜ್ಜಿ. ಮುಷ್ಟಿಯನ್ನು ಗಾಳಿಯಲ್ಲಿ ಹಿಂದೆ ಮುಂದೆ ಎಳೆದರೆ ಇಸ್ತ್ರಿಯ ಅಮ್ಮ. ಹೊಟ್ಟೆ ತಟ್ಟಿದರೆ ಹಸಿವು, ಮೂಗು ಮುಚ್ಚಿದರೆ ಎಲೆಕೋಸು. ಅಪ್ಪನಿಗೆ ಇದಾವುದೂ ತಿಳಿಯದು. ಮಕ್ಕಳು ಹುಟ್ಟಾ ಶಾಂತ ಸ್ವಭಾವದವರು, ತನ್ನನ್ನೇ ಹೋತಿದ್ದಾರೆ ಎಂದು ಅವನು ಒಳಗೊಳಗೇ ಬೀಗುತ್ತಿದ್ದ.

ಶಾಲೆಯ ಕೊನೆಯ ದಿನ ಮಕ್ಕಳನ್ನು ಕರೆತರಲು ಅವನೇ ಹೋದ. ಬನ್ನುವಿನ ಟೀಚರು ಅವನನ್ನು ಪಕ್ಕಕ್ಕೆ ಕರೆದು, ರಜೆಯಲ್ಲಿ ಹುಡುಗನ ಕಿವಿಯನ್ನೊಮ್ಮೆ ಡಾಕ್ಟರಿಗೆ ತೋರಿಸಿ ಎಂದರು.

"ಎಲ್ಲರೂ ಸುಮ್ನಿರಿ ಅಂತ ನಾನು ಹೀಗೆ ಮಾಡ್ತೀನಿ," ಎಂದು ತುಟಿಯ ಮೇಲೆ ಬೆರಳಿಟ್ಟು ತೋರಿಸಿದರು. "ಬೇರೆ ಮಕ್ಕಳು ಸುಮ್ಮನಾಗ್ತಾರೆ. ಇವನು ಬಾಗಿಲ ಕಡೆ ತಿರುಗಿ ನೋಡ್ತಾನೆ. ಒಂದ್ಸಲ ಎದ್ದು ಹೊರಗೂ ಹೋಗಿದ್ದ. ಯಾರನ್ನ ಹುಡುಕ್ತಿದೀಯ ಅಂದ್ರೆ ಬಾಯೇ ಬಿಡಲ್ಲ."

ದಾರಿಯಲ್ಲಿ ಅಪ್ಪ ಕೇಳಿದ. ಬನ್ನು ಅಕ್ಕನ ಮುಖ ನೋಡಿದ, ಅಕ್ಕ ರಸ್ತೆ ನೋಡಿದಳು. ಅವನು ಇಬ್ಬರಿಗೂ ಐಸ್‌ಕ್ಯಾಂಡಿ ಕೊಡಿಸಿ ಮತ್ತೆ ಕೇಳಿದ ಮೇಲೆ ಹೆಡ್ಮಿಸ್ಸು, ಅದು ತಮ್ಮ ಭಾಷೆಯಲ್ಲಿ ಬೇರೆ ಎಂದು ಒಪ್ಪಿಕೊಂಡಳು. ಅಜ್ಜಿಯ ಸನ್ನೆ ತೋರಿಸಿದಳು, ಅಮ್ಮನ ಸನ್ನೆ ತೋರಿಸಿದಳು. ಅಪ್ಪನಿಗೆ ಖುಷಿಯೋ ಖುಷಿ.

"ಮತ್ತೆ ಅಪ್ಪ?"

ಹೆಡ್ಮಿಸ್ಸಿನ ಐಸ್‌ಕ್ಯಾಂಡಿ ಕೈಮೇಲೆ ಸುರಿಯುತ್ತಿತ್ತು. ಅವಳು ಮೆಲ್ಲಗೆ ತುಟಿಯ ಮೇಲೆ ಬೆರಳಿಟ್ಟಳು. ಬನ್ನುವೂ ತುಟಿಯ ಮೇಲೆ ಬೆರಳಿಟ್ಟು, ಆಮೇಲೆ ಐಸ್‌ಕ್ಯಾಂಡಿಯ ಕಡ್ಡಿಯಿಂದ ಅಪ್ಪನನ್ನು ತೋರಿಸಿದ. ಕ್ಲಾಸಿನಲ್ಲಿ ಟೀಚರು ದಿನಾ ಅಪ್ಪ ಬಂದ, ಅಪ್ಪ ಬಂದ ಎನ್ನುತ್ತಾರೆ, ನೋಡಿದರೆ ಯಾರೂ ಇರುವುದಿಲ್ಲ ಎಂಬುದು ಅವನ ದೂರು.

ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನಗು ಮುಗಿದ ಮೇಲೆ ಇಬ್ಬರ ಕೈಯನ್ನೂ ಹಿಡಿದು ಮನೆಯ ಕಡೆ ನಡೆದ. ಈ ಮಕ್ಕಳ ಪಾಲಿಗೆ ತಾನು 'ಬಾಯಿ ಮುಚ್ಚು' ಎಂಬುದರ ಇನ್ನೊಂದು ಹೆಸರು ಎಂಬುದು ಅವನಿಗೆ ಬಹಳ ನೋವು ಮಾಡಿತು. ಒಲೆ ಮತ್ತೆ ಬಿಸಿಯಾಗುವುದರೊಳಗೆ ಆ ಬೆರಳನ್ನು ತುಟಿಯಿಂದ ಇಳಿಸಿಯೇ ಸಿದ್ಧ ಎಂದು ತೀರ್ಮಾನಿಸಿದ.

ಮರುದಿನವೇ ಕುರ್ಚಿಗಳ ಕಾಲುಚೀಲ ಕಳಚಿದ. ನಲ್ಲಿಯ ಪಟ್ಟಿ ಬಿಚ್ಚಿದ. ಅಟ್ಟ ಹತ್ತಿ ಸ್ಟೀಲ್ ತಟ್ಟೆ ಇಳಿಸಿದ. ಮಕ್ಕಳನ್ನು ಕರೆದುಕೊಂಡು ಪಾರ್ಕಿಗೆ ಹೋಗಿ ಬರುವಷ್ಟರಲ್ಲಿ ಕುರ್ಚಿಗಳು ಮತ್ತೆ ಕಾಲುಚೀಲ ತೊಟ್ಟಿದ್ದವು, ನಲ್ಲಿಗೆ ಹೊಸ ಪಟ್ಟಿ ಬಂದಿತ್ತು. ತಾಯಿ ಹಾಕುವುದು, ಮಗ ತೆಗೆಯುವುದು, ಹೀಗೆ ವಾರವಿಡೀ ನಡೆಯಿತು.

ಹಗಲು ಎಚ್ಚರವಾಗಿರುವ ಅಪ್ಪ ಆ ಮನೆಗೆ ಹೊಸಬ. ಮಕ್ಕಳಿಗೆ ನನ್ನ ಕೈಯ ಬನ್ ತಿನ್ನಿಸುತ್ತೇನೆ ಎಂದು ಒಂದು ಬೆಳಗ್ಗೆ ಅಡುಗೆಮನೆಗೆ ನುಗ್ಗಿದ. ಮೂಟೆಗಟ್ಟಲೆ ಹಿಟ್ಟು ನಾದಿ ಪಳಗಿದ ಕೈಗೆ ಐದು ಜನರ ಅಳತೆ ಹೇಗೆ ತಿಳಿಯಬೇಕು? ತಿಂಗಳಿಗೆಂದು ತಂದಿಟ್ಟ ಹಿಟ್ಟಿನ ಡಬ್ಬ ತಳ ಕಂಡಿತು. ಕಲಸಿದ ಹಿಟ್ಟು ಪಾತ್ರೆ ಮೀರಿ ಉಬ್ಬಿ ಕಟ್ಟೆಯ ಮೇಲೆ ಹರಿಯಿತು. ಅಂಗೈಯಗಲದ ಓವನ್ನಿನಲ್ಲಿ ಸಂಜೆಯವರೆಗೂ ಬನ್ ಬೇಯುತ್ತಲೇ ಇದ್ದವು. ಬೀದಿಯ ಮನೆಗಳಿಗೆಲ್ಲ ಹೋದವು, ಕೆಳಗಿನ ಬಡಗಿಗೂ ಹೋದವು. ಕೆಲಸದಿಂದ ಬಂದ ಅಮ್ಮ ಖಾಲಿ ಡಬ್ಬವನ್ನೂ ಗೋಡೆಗೆ ಮೆತ್ತಿದ ಹಿಟ್ಟನ್ನೂ ನೋಡಿದಳು.

"ಸಂಬಳ ಅರ್ಧ, ಹಿಟ್ಟು ಡಬಲ್ಲು. ನೀವು ಮಲಗಿದ್ರೇನೇ ಮನೆಗೆ ಲಾಭ ಕಣ್ರೀ," ಎಂದಳು.

ಬಾಯಲ್ಲಿ ಎರಡನೆಯ ಬನ್ ಇದ್ದುದರಿಂದ ಬೈಗುಳಕ್ಕೆ ಅಷ್ಟು ಕಳೆ ಬರಲಿಲ್ಲ. ಗಂಡ ಬೆಳಕಿನಲ್ಲಿ ಎದುರು ನಿಂತಿರುವುದು ಅವಳಿಗೂ ಹೊಸದು. ಅವನ ಕಿವಿಯ ಪಕ್ಕದಲ್ಲಿ ಕೂದಲು ನರೆತಿದೆ ಎಂದು ಅವಳು ಕಂಡದ್ದೇ ಈ ರಜೆಯಲ್ಲಿ.

ಅಷ್ಟಾದರೂ ಅಪ್ಪನ ಕೆಲಸ ಕೈಗೂಡಲಿಲ್ಲ. ಸಂಜೆ ಅಮ್ಮ ಅಂಗಡಿಯ ಗಿರಾಕಿಗಳ ಕಥೆ ಹೇಳುತ್ತ ಆಲೂಗಡ್ಡೆ ಸುಲಿಯುವಾಗ ಅಡುಗೆಮನೆಯಿಂದ ಮಕ್ಕಳ ನಗು ಕೇಳುತ್ತಿತ್ತು. ಅವನು ಬಾಗಿಲಿಗೆ ಬಂದ ಕೂಡಲೇ ನಗು ನಿಲ್ಲುತ್ತಿತ್ತು. ಬನ್ನು ಸ್ಟೂಲಿನಿಂದ ಜಾರಿ ತುದಿಗಾಲಲ್ಲಿ ನಿಲ್ಲುತ್ತಿದ್ದ. ಹೆದರಿಕೆಯಲ್ಲ, ರೂಢಿ. ಹೆದರಿಕೆಯಾಗಿದ್ದರೆ ಮುದ್ದು ಮಾಡಿ ಬಿಡಿಸಬಹುದಿತ್ತು. ಅಪ್ಪನಿಗೆ ಏನಾದರೂ ಹೇಳಬೇಕಾದರೆ ಬನ್ನು ಅವನ ಕುತ್ತಿಗೆಗೆ ಜೋತುಬಿದ್ದು ಕಿವಿಯಲ್ಲಿ ಪಿಸುಗುಟ್ಟುತ್ತಿದ್ದ. ಬಿಸಿ ಉಸಿರಿಗೆ ಕಿವಿ ಕಚಗುಳಿಯಾಗುತ್ತಿತ್ತು. ಸುಳ್ಳೇಕೆ, ಅದೂ ಅಪ್ಪನಿಗೆ ಇಷ್ಟವೇ. ಆದರೆ ಮಗ ತನ್ನ ಜೊತೆ ಗುಟ್ಟು ಮಾತ್ರ ಆಡಿದರೆ ಸಾಲದು, ಜಗಳವನ್ನೂ ಆಡಬೇಕು ಎಂದು ಅವನ ಆಸೆ.

ಎರಡನೆಯ ವಾರ ಅವನಿಗೊಂದು ಉಪಾಯ ಹೊಳೆಯಿತು. ಊರಂಚಿನಲ್ಲಿ ಒಂದು ರೈಲ್ವೆ ಸೇತುವೆ, ಅದರ ಕೆಳಗೆ ಕಾಲುದಾರಿ. ಬ್ರೆಡ್ಡು, ಬೇಯಿಸಿದ ಮೊಟ್ಟೆ ಕಟ್ಟಿಕೊಂಡು ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋದ. ಮೇಲೆ ರೈಲು ಹೋಗುವಾಗ ಯಾರು ಏನು ಕೂಗಿದರೂ ಪಕ್ಕದವರಿಗೂ ಕೇಳುವುದಿಲ್ಲ, ಬಾಯಿಗೆ ಬಂದದ್ದು ಕೂಗಿ ಎಂದ. ಹೆಡ್ಮಿಸ್ಸಿಗೆ ಎರಡು ಸಲ ಹೇಳಬೇಕಾಗಲಿಲ್ಲ. ಲೆಕ್ಕದ ಮೇಷ್ಟ್ರ ಮೇಲೆ ವರ್ಷವಿಡೀ ಕೂಡಿಟ್ಟಿದ್ದನ್ನೆಲ್ಲ ಒಂದೇ ರೈಲಿಗೆ ಕೂಗಿ ಮುಗಿಸಿದಳು. ಅಪ್ಪ ತನ್ನ ಮಾಲೀಕನಿಗೆ ಎದುರಿನಲ್ಲಿ ಹೇಳಲಾಗದ್ದನ್ನು ಹೇಳಿದ. ಬನ್ನು ಬಾಯಿ ತೆರೆದ, ಕತ್ತಿನ ನರ ಉಬ್ಬಿಸಿದ, ದನಿ ಮಾತ್ರ ಹೊರಡಲಿಲ್ಲ.

ಮರುದಿನ ಹೋದರು, ಅದರ ಮರುದಿನವೂ ಹೋದರು. ಕೊನೆಗೊಂದು ದಿನ, ಉದ್ದನೆಯ ಗೂಡ್ಸ್ ಗಾಡಿಯ ಕಡೆಯ ಡಬ್ಬಿ ದಾಟಿ ಎಲ್ಲ ನಿಶ್ಶಬ್ದವಾದ ಮೇಲೂ ಒಂದು ದನಿ ಉಳಿದುಕೊಂಡಿತ್ತು.

"ನಂಗೆ ಇನ್ನೊಂದು ಮೊಟ್ಟೆ ಬೇಕೂ!"

ಸೇತುವೆಯ ಸಂದಿಯಿಂದ ಪಾರಿವಾಳಗಳು ಹಾರಿಹೋದವು. ಬನ್ನು ತನ್ನ ದನಿಗೆ ತಾನೇ ಬೆಚ್ಚಿ ಅಕ್ಕನನ್ನು ಹಿಡಿದುಕೊಂಡ. ಅಪ್ಪ ತನ್ನ ಪಾಲಿನ ಮೊಟ್ಟೆಯನ್ನು ಸುಲಿದು ಅವನ ಕೈಗಿಟ್ಟ. ಆ ದಿನ ಅವನಿಗೆ ಹಸಿವೇ ಆಗಲಿಲ್ಲ.

ಒಮ್ಮೆ ಬಾಯಿ ಬಂದ ಮೇಲೆ ಬನ್ನು ಸುಮ್ಮನಿರಲು ಸಾಧ್ಯವೇ? ಅಂದು ಸಂಜೆ ಊಟಕ್ಕೆ ಕೂತಾಗ, ಅಜ್ಜೀ ಅನ್ನ ಹಾಕು ಎಂದು ಸೇತುವೆಯ ದನಿಯಲ್ಲೇ ಕೇಳಿದ. ಅಜ್ಜಿಯ ಕೈಯಿಂದ ಸೌಟು ಜಾರಿ ನೆಲಕ್ಕೆ ಬಿತ್ತು. ಅಪ್ಪ ನಕ್ಕ. ಅಜ್ಜಿ ನಗಲಿಲ್ಲ.

"ಇದೆಲ್ಲ ನಿನ್ನ ಕೆಲಸ," ಎಂದಳು. "ಒಲೆ ರೆಡಿಯಾದ್ಮೇಲೆ ನೀನು ಹಗಲು ಹೇಗೋ ಮಲಗೋದು?"

"ಕೆಳಗೆ ಬಡಗಿ ದಿನವೆಲ್ಲ ಸುತ್ತಿಗೆ ಬಡೀತಾನೆ. ನಾನು ಗೊರಕೆ ಹೊಡೀತಿಲ್ವೇನಮ್ಮ?"

"ಸುತ್ತಿಗೆ ಸದ್ದು ಕಿವಿಗೆ ಬೀಳುತ್ತೆ, ಅಷ್ಟೇ. ಮಕ್ಕಳ ದನಿ ಎದೆಗೆ ಬೀಳುತ್ತೆ, ಎಬ್ಬಿಸಿ ಕೂರಿಸುತ್ತೆ. ಹೆತ್ತೋರ ಕಿವಿನೇ ಬೇರೆ."

"ಒಂದು ಗಳಿಗೆ ನಿದ್ದೆ ಕಮ್ಮಿ ಆದ್ರೆ ಏನೂ ಮುಳುಗಿ ಹೋಗಲ್ಲ ಬಿಡು."

ಅಜ್ಜಿ ಸೌಟನ್ನು ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ನೆಲದ ಮೇಲೆ ಕೂತಳು. ನಿಮ್ಮಪ್ಪನ ಬೆರಳು ಹೇಗೆ ಹೋದವು ಗೊತ್ತಾ ಎಂದು ಕೇಳಿದಳು. ಮರದ ಮಿಲ್ಲಿನ ಗರಗಸಕ್ಕೆ ಸಿಕ್ಕಿ ಎಂದ ಅವನು. ಅದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವನ ಅಪ್ಪನೂ ರಾತ್ರಿ ಪಾಳಿಯವನೇ. ಬಲಗೈಯ ಮೂರೇ ಬೆರಳಲ್ಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತ, ಎರಡನ್ನು ಯಂತ್ರಕ್ಕೆ ಸಾಲ ಕೊಟ್ಟಿದ್ದೇನೆ ಎಂದು ತಮಾಷೆ ಮಾಡುತ್ತಲೇ ಬದುಕಿ ಹೋದವನು.

"ಅವತ್ತು ಹಗಲು ಅವರು ಕಣ್ಣು ಮುಚ್ಚಿರ್ಲಿಲ್ಲ," ಎಂದಳು ಅಜ್ಜಿ. "ನೀನು ಒಂದು ಡಬ್ಬ ಬಡೀತಾ ಮನೆ ತುಂಬ ಓಡಾಡ್ತಿದ್ದೆ. ಇವನಷ್ಟೇ ಇದ್ದೆ. ನಿನ್ನ ತಪ್ಪಲ್ಲ ಅದು. ಡಬ್ಬ ಕಿತ್ಕೋಬೇಕಾಗಿದ್ದೋಳು ನಾನು. ನೀನು ಹಾಗೆ ನಗ್ತಿದ್ದೆ ನೋಡು, ಕಿತ್ಕೊಳ್ಳೋಕೆ ನಂಗೆ ಮನಸ್ಸು ಬರ್ಲಿಲ್ಲ."

ಬನ್ನು ತನ್ನ ಸ್ಟೀಲ್ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಒಂದಿಷ್ಟೂ ಸದ್ದಾಗದಂತೆ ಕೆಳಗಿಟ್ಟ.

ಮರುದಿನ ಬೆಳಗ್ಗೆ ಕುರ್ಚಿಗಳಿಗೆ ಕಾಲುಚೀಲ ಹಾಕುತ್ತಿದ್ದವನು ಅಪ್ಪ. ಅಜ್ಜಿ ಅದನ್ನು ನೋಡಿದಳು. ಗೆದ್ದವಳ ಮುಖ ಅಲ್ಲ ಅದು. ಸೇತುವೆಗೆ ಯಾರೂ ಹೋಗಲಿಲ್ಲ. ಮಕ್ಕಳು ಮೂಲೆಯಲ್ಲಿ ಕೂತು ಕೈಸನ್ನೆಯಲ್ಲಿ ಜಗಳವಾಡಿದರು. ರಜೆ ಮುಗಿಯುವ ಮೊದಲೇ ಮನೆ ಮೊದಲಿನ ಹಾಗೆ ಆಗಿಹೋಯಿತು.

ಇದನ್ನು ತಾಳದೆ ಬಾಯಿಬಿಟ್ಟವಳು ಅಮ್ಮ. ಒಂದು ಬೆಳಗ್ಗೆ ಕೆಲಸಕ್ಕೆ ಹೊರಟವಳು ಚಪ್ಪಲಿ ಕಳಚಿ ಒಳಗೆ ಬಂದಳು. ದಿನವೆಲ್ಲ ಬಾಯಿ ಕಟ್ಟಿಕೊಂಡ ಮಕ್ಕಳು ಸಂಜೆ ತನ್ನ ಮೇಲೆ ಒಟ್ಟಿಗೆ ಎರಗುತ್ತಾರೆ, ಎಲ್ಲ ಕೇಳಲು ತನಗೂ ಇರುವುದು ಎರಡೇ ಕಿವಿ ಎಂದಳು. ಪಾಳಿಗೆ ಹೋಗುವ ಮೊದಲು ಇವರು ಹಗಲು ಮಲಗುವ ರೂಢಿಗೆ ಹೇಗೂ ಮರಳಬೇಕು. ಈಗಿನಿಂದಲೇ ರಾತ್ರಿ ಎಚ್ಚರವಿದ್ದು ಹಗಲು ಮಲಗಲಿ, ಮಕ್ಕಳು ಮಕ್ಕಳ ಹಾಗೆ ಇರಲಿ, ನೋಡೇ ಬಿಡೋಣ ಎಂದಳು.

"ನೀವೇ ಕೂತು ನೋಡಿ ಅತ್ತೆ. ನಿದ್ದೆ ಬರ್ಲಿಲ್ಲ ಅಂದ್ರೆ ನಲ್ಲಿಗೆ ಬಟ್ಟೆ ನಾನೇ ಕಟ್ತೀನಿ."

ಅಜ್ಜಿ ಒಪ್ಪಿಕೊಂಡಳು. ಕುರ್ಚಿಯ ಕಾಲುಚೀಲ, ನಲ್ಲಿಯ ಪಟ್ಟಿ ಮತ್ತೆ ಕಳಚಿದವು. ಮಗನಿಗೆ ನಿದ್ದೆ ಹತ್ತಿದೆಯೋ ಇಲ್ಲವೋ ತಿಳಿಯಲು ಅವಳಲ್ಲಿ ಒಂದು ಗುರುತಿತ್ತು. ನಿಜವಾಗಿ ನಿದ್ದೆ ಹೋದರೆ ಅವನ ಕೈ ಹಾಸಿಗೆಯನ್ನು ನಾದುತ್ತಿತ್ತು. ಹಗಲು ಹೊರಗೆ ದುಡಿಯುವ ಹೆಂಡತಿಗೂ ಗೊತ್ತಿರದ ಸಂಗತಿ ಅದು. ಬಾಗಿಲ ಬಳಿ ಸ್ಟೂಲು ಹಾಕಿಕೊಂಡು ಕಾದ ತಾಯಿಗೆ ಮಾತ್ರ ಗೊತ್ತು.

ಮೊದಲ ದಿನ ಅವನು ಕಣ್ಣು ಮುಚ್ಚಿ ಮಲಗಿದ. ಹೊರಗೆ ಮಕ್ಕಳು ಅಳುಕುತ್ತ ಶುರುಮಾಡಿ ಆಮೇಲೆ ಬಿಟ್ಟುಬಿಟ್ಟರು. ಅಪ್ಪ ಗೊರಕೆಯನ್ನೂ ಹೊಡೆದ. ಅಜ್ಜಿ ಅವನ ಕೈ ನೋಡಿದಳು, ತುಟಿಯ ಕೊನೆಯ ನಗು ನೋಡಿದಳು, ನಾಟಕ ಸಾಕು ಏಳು ಎಂದಳು. ಎರಡನೆಯ ದಿನ ನಾಟಕವಿರಲಿಲ್ಲ, ನಿಜವಾಗಿಯೂ ಮಲಗಲು ನೋಡಿದ. ಆದರೆ ಹೊರಗೆ ಬನ್ನು ಅಕ್ಕನಿಗೆ ಒಂದು ಕಥೆ ಕಟ್ಟಿ ಹೇಳುತ್ತಿದ್ದ; ಒಂದು ಮೊಟ್ಟೆ ರೈಲು ಹತ್ತಿ ಹೋದ ಕಥೆ. ನಡುವೆ ಅವನು ನಿಲ್ಲಿಸಿದ್ದೇ ತಡ, ಕೋಣೆಯೊಳಗಿಂದ ಪ್ರಶ್ನೆ ಬಂತು.

"ಆಮೇಲೆ ಏನಾಯ್ತೋ?"

ಅಜ್ಜಿ ತಲೆ ಚಚ್ಚಿಕೊಂಡಳು. ತಾನು ಹೇಳಿದ್ದೇ ಸರಿಯಾಯಿತಲ್ಲ ಎಂದು ಅವಳಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಮೂರನೆಯ ದಿನವೂ ಅದೇ ಕಥೆ. ಅವನ ಕಣ್ಣು ಕೆಂಪಾಗಿ ಊದಿದ್ದವು. ಊಟದ ತಟ್ಟೆಯ ಮುಂದೆ ತೂಕಡಿಸಿದ.

ಮರುದಿನ ಅಪ್ಪ ಕೋಣೆ ಸೇರಿದ ಮೇಲೆ ಮಕ್ಕಳು ಆಡಲೇ ಇಲ್ಲ. ಹೆಡ್ಮಿಸ್ಸು ತಾನಾಗಿಯೇ ಕಾಲುಚೀಲಗಳನ್ನು ಹುಡುಕಿ ತಂದು ಕುರ್ಚಿಯ ಪಕ್ಕ ಕೂತಳು. ಬನ್ನು ತುಟಿಯ ಮೇಲೆ ಬೆರಳಿಟ್ಟುಕೊಂಡು ಕಿಟಕಿಯ ಬಳಿ ನಿಂತ. ಅಜ್ಜಿ ಸ್ಟೂಲಿನ ಮೇಲಿಂದ ಅವನನ್ನೇ ನೋಡಿದಳು. ಎಷ್ಟೋ ಹೊತ್ತು ನೋಡಿದಳು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ, ಖಾಲಿಯಾಗಿ ಬಿದ್ದಿದ್ದ ಹಿಟ್ಟಿನ ಡಬ್ಬವನ್ನೂ ಒಂದು ಸೌಟನ್ನೂ ತಂದು ಮೊಮ್ಮಗನ ಕೈಗೆ ಕೊಟ್ಟಳು.

"ಬಡಿ," ಎಂದಳು. "ಅರ್ಧಂಬರ್ಧ ಪರೀಕ್ಷೆ ಬೇಡ. ನಗ್ತಾ ಬಡಿ."

ಬನ್ನು ಅಕ್ಕನನ್ನು ನೋಡಿದ. ಅಕ್ಕ ತಲೆಯಾಡಿಸಿದಳು. ಅವನು ಮೆಲ್ಲಗೆ ಒಂದು ಏಟು ಹಾಕಿದ. ಡಬ್ಬ ಚೆನ್ನಾಗಿ ಮಾತಾಡುವ ಡಬ್ಬ. ಇನ್ನೊಂದು ಹಾಕಿದ. ಸ್ವಲ್ಪ ಹೊತ್ತಿಗೆ ಅವನು ಡಬ್ಬವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಮನೆಯೆಲ್ಲ ಸುತ್ತುತ್ತಿದ್ದ, ಹೆಡ್ಮಿಸ್ಸು ಎರಡು ತಟ್ಟೆ ಹಿಡಿದು ಅವನ ಹಿಂದೆ. ಕೆಳಗಿನಿಂದ ಬಡಗಿ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದ. ಈ ಗಲಾಟೆಯಲ್ಲಿ ಅಳತೆಯೇ ತಪ್ಪುತ್ತಿದೆ, ಮನುಷ್ಯರು ಕೆಲಸ ಮಾಡುವುದು ಹೇಗಮ್ಮ ಎಂದು ಕೇಳಿದ.

"ಮಗ ಮಲಗಿದ್ದಾನೆ, ಮೆಲ್ಲಗೆ ಮಾತಾಡಿ," ಎಂದಳು ಅಜ್ಜಿ.

ಬಡಗಿ ಡಬ್ಬವನ್ನು ನೋಡಿದ, ತಟ್ಟೆಗಳನ್ನು ನೋಡಿದ, ಅಜ್ಜಿಯನ್ನು ನೋಡಿದ, ಬಂದ ಹಾಗೇ ಇಳಿದುಹೋದ.

ಮಗ ಮಲಗಿದ್ದಾನೆ ಎಂಬುದು ಅಭ್ಯಾಸಬಲದಿಂದ ಬಾಯಿಗೆ ಬಂದ ಮಾತು. ಆಡಿದ ಮೇಲೆ ಅಜ್ಜಿ ಕೋಣೆಯೊಳಗೆ ಇಣುಕಿದಳು. ಮಗನ ಬಾಯಿ ಅರ್ಧ ತೆರೆದಿತ್ತು. ಹಾಸಿಗೆಯ ಮೇಲೆ ಅವನ ಎರಡೂ ಕೈ ಮುಷ್ಟಿಯಾಗಿ, ಒತ್ತಿ, ಮಡಚಿ, ಮತ್ತೆ ಒತ್ತಿ, ಯಾವುದೋ ಕಾಣದ ಹಿಟ್ಟನ್ನು ನಾದುತ್ತಿದ್ದವು. ಮೊದಲ ಮೂರು ದಿನ ಹೊಸದಾಗಿ ಕಿವಿಗೆ ಬಿದ್ದು ಎಬ್ಬಿಸಿದ ದನಿಗಳು ಈಗ ಮನೆಯ ಸದ್ದಾಗಿದ್ದವು. ಅಜ್ಜಿ ಮಕ್ಕಳನ್ನು ಕೈಮಾಡಿ ಕರೆದಳು. ಮೂವರೂ ಬಾಗಿಲಲ್ಲಿ ನಿಂತು ನೋಡಿದರು. ಬನ್ನು ಸೌಟನ್ನು ಅಕ್ಕನಿಗೆ ಕೊಟ್ಟು, ತನ್ನ ಪುಟ್ಟ ಮುಷ್ಟಿಗಳಿಂದ ಗಾಳಿಯನ್ನು ನಾದಿ ನೋಡಿದ. ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು, ಮತ್ತೆ ಒರೆಸಿದಳು. ಸಂಜೆ ಸೊಸೆ ಬಂದು ಏನಾಯ್ತು ಅತ್ತೆ ಎಂದಾಗ, ನಿನ್ನ ಗಂಡನನ್ನು ಎಬ್ಬಿಸು, ಬೆಳಗಿನಿಂದ ಬಿದ್ದುಕೊಂಡಿದ್ದಾನೆ ಎಂದು ಗದರಿದಳು.

ಒಲೆ ಹದಕ್ಕೆ ಬಂತು. ಶಾಲೆ ತೆರೆಯುವ ಹಿಂದಿನ ಸಂಜೆಯೇ ಅಪ್ಪ ಪಾಳಿಗೆ ಹೋದ. ಹೊಸ ಒಲೆಯ ಕಾವು ಇನ್ನೂ ಕೈಗೆ ಹತ್ತದೆ, ಒಂದು ಸಾಲು ಬ್ರೆಡ್ಡು ಕಪ್ಪಾಗಿ, ಮತ್ತೆ ನಾದಿ, ಬೆಳಗಿನ ಕೆಲಸ ಮುಗಿಯುವಾಗ ಬಹಳ ತಡವಾಯಿತು. ಮೈಯೆಲ್ಲ ಹಿಟ್ಟಿನೊಂದಿಗೆ ಮನೆಯ ಕಡೆ ನಡೆದವನು ಶಾಲೆಯ ಎದುರು ಬಂದಾಗ ಅಂಗಳದಲ್ಲಿ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಅವನು ಗೇಟಿನ ಹೊರಗೆ ನಿಂತ.

ಬನ್ನು ಚಿಕ್ಕವರ ಸಾಲಿನಲ್ಲಿದ್ದ, ಗೇಟಿಗೆ ಬೆನ್ನು ಮಾಡಿ. ಟೀಚರು ಮುಂದೆ ಬಂದು ತುಟಿಯ ಮೇಲೆ ಬೆರಳಿಟ್ಟರು. ಎಲ್ಲ ಮಕ್ಕಳೂ ಸುಮ್ಮನಾದರು. ಬನ್ನುವೂ ಸುಮ್ಮನಾದ. ಬಾಗಿಲ ಕಡೆ ನೋಡಲಿಲ್ಲ, ಗೇಟಿನ ಕಡೆ ತಿರುಗಲಿಲ್ಲ. ಇಷ್ಟು ದಿನ ಅವನು ಹುಡುಕುತ್ತಿದ್ದ ಅಪ್ಪ ಇಂದು ನಿಜವಾಗಿ ಬೆನ್ನ ಹಿಂದೆಯೇ ನಿಂತಿದ್ದ. ತಾನು ಬೇಡಿದ್ದು ಇದನ್ನೇ ಎಂದು ಅಪ್ಪನಿಗೆ ಗೊತ್ತಿತ್ತು. ಆದರೂ ಕಾಲು ಮನೆಯ ಕಡೆ ಏಳಲಿಲ್ಲ.

ಆ ಕಡೆಯ ಸಾಲಿನಿಂದ ಹೆಡ್ಮಿಸ್ಸು ಅವನನ್ನು ಕಂಡಳು. ತಮ್ಮನ ಕಣ್ಣು ತನ್ನ ಕಡೆ ಬರುವವರೆಗೆ ಕಾದು, ಎರಡೂ ಮುಷ್ಟಿ ಕಟ್ಟಿ ಎದೆಯ ಮುಂದೆ ಹಿಡಿದು, ಒತ್ತಿ, ಮಡಚಿ, ಮತ್ತೆ ಒತ್ತಿ ತೋರಿಸಿದಳು.

ಬನ್ನು ಗಕ್ಕನೆ ಹಿಂದಕ್ಕೆ ತಿರುಗಿದ.

"ಅಪ್ಪಾ!"

ಮೇಲೆ ಸೇತುವೆ ಇರಲಿಲ್ಲ, ರೈಲೂ ಇರಲಿಲ್ಲ. ಇಡೀ ಅಂಗಳ ತಿರುಗಿ ನೋಡಿತು. ಅಪ್ಪ ಹಿಟ್ಟು ಮೆತ್ತಿದ ಎರಡೂ ಕೈ ಎತ್ತಿದ. ಟೀಚರು ಮತ್ತೆ ತುಟಿಯ ಮೇಲೆ ಬೆರಳಿಟ್ಟರು. ಬನ್ನು ಅದನ್ನು ನೋಡಲೇ ಇಲ್ಲ.